ಹೂವು ಯಾರಪ್ಪನ ಸೊತ್ತು?

ಹೂವು, ಎಲೆ, ಬೆಳಕು ಅಂತ ಬರೆಯೋದು ಹೊಟ್ಟೆ ತುಂಬಿದವರ ಚಟ ಅನ್ನೋ ಮಾತು ನಮ್ಮ ಸಭೆಗಳಲ್ಲಿ ಆಗಾಗ ಬರುತ್ತೆ. ಆ ಮಾತಿನ ಹಿಂದಿನ ಸಿಟ್ಟು ನನ್ನದೂ ಹೌದು. ಕೆರೆಯ ನೀರು ಮುಟ್ಟಗೊಡದವರೇ ಕೆರೆಯ ತಾವರೆಯನ್ನು ಹಾಡಿಕೊಂಡು ಬಂದರು. ಆದರೆ ಅವರು ಹಾಡಿದ ಮಾತ್ರಕ್ಕೆ ತಾವರೆ ಅವರದಾಯಿತೆ?

ಅಮೆರಿಕದ ಕಪ್ಪು ಜನರ ನಡುವಿನಿಂದ ಬಂದ ಚಿತ್ರಕಲಾವಿದೆ ಆಲ್ಮಾ ಥಾಮಸ್ ಇದಕ್ಕೆ ಬಣ್ಣದಲ್ಲಿ ಉತ್ತರ ಕೊಟ್ಟರು. ಹುಟ್ಟಿದ್ದು 1891ರಲ್ಲಿ, ಜಾರ್ಜಿಯಾ ರಾಜ್ಯದ ಕೊಲಂಬಸ್‌ನಲ್ಲಿ. ಮ್ಯೂಸಿಯಂ ಬಾಗಿಲು ಆಗ ಅವರ ಜನಕ್ಕೆ ಮುಚ್ಚಿತ್ತು. 1907ರಲ್ಲಿ ಕುಟುಂಬ ವಾಷಿಂಗ್ಟನ್ ಸೇರಿತು. 1924ರಲ್ಲಿ ಹೋವರ್ಡ್ ವಿಶ್ವವಿದ್ಯಾಲಯದ ಲಲಿತಕಲೆಯ ಮೊಟ್ಟಮೊದಲ ಪದವಿ ಪಡೆದರು. ಆಮೇಲೆ 1960ರವರೆಗೆ ಶಾಲಾ ಮಕ್ಕಳಿಗೆ ಚಿತ್ರ ಕಲಿಸಿದರು. ತಮ್ಮದೇ ದಾರಿ ಸಿಕ್ಕಿದ್ದು ನಿವೃತ್ತರಾದ ಮೇಲೆ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ.

ಮನೆಯ ಕಿಟಕಿಯಾಚೆ ಹಾಲಿ ಎಂಬ ಮುಳ್ಳೆಲೆಯ ಮರವೊಂದಿತ್ತು. ಎಲೆಗಳ ಸಂದಿಯಿಂದ ಬೆಳಕು ತುಂಡುತುಂಡಾಗಿ ಬರುತ್ತಿತ್ತು. ಈ ಟೀಚರಮ್ಮ ಮರವನ್ನು ಮರದ ಹಾಗೆ ಬರೆಯಲಿಲ್ಲ. ಆ ತುಂಡುಗಳನ್ನೇ ಬಣ್ಣದ ಸಣ್ಣ ಗೀಟುಗಳಾಗಿ ಸಾಲುಗಟ್ಟಿಸಿದರು. ಪೆನ್ಸಿಲಿನಲ್ಲಿ ತೆಳ್ಳಗೆ ಗುರುತು ಹಾಕಿಕೊಳ್ಳೋರು, ನಿಜ. ಆದರೆ ಒಂದೊಂದು ಗೀಟೂ ಆ ಗಳಿಗೆಯ ಕೈಯದು. ಒಂದು ದಪ್ಪ, ಇನ್ನೊಂದು ಸಣ್ಣ, ನಡುವೆ ಇಣುಕುವ ಕೆಳಗಿನ ಬಣ್ಣ. ತಮಟೆ ಕೇಳಿ ಬೆಳೆದವರಿಗೆ ಇದು ಹೊಸದಲ್ಲ. ಗತ್ತು ಒಂದೇ, ಎಲ್ಲಿ ಒತ್ತಬೇಕು, ಎಲ್ಲಿ ಬಿಡಬೇಕು ಅನ್ನೋದು ಬಡಿಯುತ್ತ ಬಡಿಯುತ್ತ ಕೈಗೇ ಹೊಳೆಯುತ್ತೆ.

ಹಾಗಂತ ಇವರು ಹೋರಾಟಕ್ಕೆ ಬೆನ್ನು ಹಾಕಿದವರಲ್ಲ. 1963ರ ವಾಷಿಂಗ್ಟನ್ ಮೆರವಣಿಗೆಯಲ್ಲಿ ಹೆಜ್ಜೆ ಹಾಕಿದರು. ಮರುವರ್ಷ ಅದನ್ನೇ ಚಿತ್ರ ಮಾಡಿದರು. ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಂ ಮುಂದೆ 1968ರಲ್ಲಿ ಕಪ್ಪು ಕಲಾವಿದರು ಪ್ರತಿಭಟಿಸಿದ್ದರು. 1972ರಲ್ಲಿ ಅದೇ ಮ್ಯೂಸಿಯಂನಲ್ಲಿ ಥಾಮಸ್‌ರ ಏಕವ್ಯಕ್ತಿ ಪ್ರದರ್ಶನ ನಡೆಯಿತು. ಅಲ್ಲಿ ಆ ಅವಕಾಶ ಪಡೆದ ಮೊದಲ ಕಪ್ಪು ಮಹಿಳೆ ಅವರು, ವಯಸ್ಸು 80. ಅದೇ ವರ್ಷ ಮುಂಬೈಯಲ್ಲಿ, ಅಮೆರಿಕದ ಬ್ಲ್ಯಾಕ್ ಪ್ಯಾಂಥರ್‌ಗಳ ಹೆಸರನ್ನು ತಮ್ಮದಾಗಿಸಿಕೊಂಡು ದಲಿತ ಪ್ಯಾಂಥರ್ಸ್ ಎದ್ದು ನಿಂತಿತು. ಬಾಗಿಲು ಒದ್ದು ತೆಗೆಯೋ ಕಾಲೂ ಬೇಕು, ಒಳಗೆ ಹೋಗಿ ನಮ್ಮ ಬಣ್ಣ ಹಚ್ಚೋ ಕೈಯೂ ಬೇಕು.

ಸಂಧಿವಾತ ಕೈಯನ್ನು ಹಿಂಡುತ್ತಿದ್ದಾಗಲೂ ಕುಂಚ ಕೆಳಗಿಡಲಿಲ್ಲ. 1976ರಲ್ಲಿ ಸುಮಾರು 13 ಅಡಿ ಅಗಲದ ಚಿತ್ರ ಬರೆದರು. ಕೆಂಪು ಅಜೇಲಿಯಾ ಹೂಗಳು ರಾಕ್ ಅಂಡ್ ರೋಲ್ ಹಾಡಿ ಕುಣಿಯುತ್ತಿವೆ ಅಂತ ಅದರ ಹೆಸರು. ಬಿಳಿಯ ಮೇಲೆ ಕೆಂಪು ಚೂರುಗಳು ಕುಣೀತಾವೆ. ಹೂವಿಗೂ ತಮ್ಮ ಜನರ ಕುಣಿತ ಕಲಿಸಿದ ಹೆಂಗಸು!

ನಮ್ಮ ಅವ್ವಂದಿರು ಕೂಲಿಗೆ ಹೋದ ರಾಗಿ ಹೊಲಗಳಲ್ಲಿ, ಅಕ್ಕಡಿ ಸಾಲಿನ ಹುಚ್ಚೆಳ್ಳು ಹಳದಿಯಾಗಿ ಹೂ ಬಿಡುತ್ತೆ. ಬೆನ್ನು ಬಗ್ಗಿಸಿ ಕಳೆ ಕಿತ್ತವರು ಆ ಹಳದಿಯನ್ನು ಎಷ್ಟು ಹತ್ತಿರದಿಂದ ಕಂಡಿದ್ದಾರೆ! ಹೊಲ ಯಜಮಾನನದಿರಬಹುದು, ಕಂಡ ಕಣ್ಣು ನಮ್ಮದು. ಗೆಳೆಯರೇ, ಕೂಲಿಯ ಲೆಕ್ಕ ಕೇಳುವ ಪದ್ಯದಲ್ಲೇ ಆ ಹಳದಿಯನ್ನೂ ಕೇಳೋಣ. ಅದೂ ನಮಗೆ ಬರಬೇಕಾದ ಬಾಕಿಯೇ.