ಮೊಳೆ ಹೊಡೆಯದ ಗೋಡೆ, ಮಗ್ರಿಬ್ ನಂತರದ ಬೆಳಕು

ಬಾಡಿಗೆ ಮನೆಯ ಕರಾರುಪತ್ರಗಳೆಲ್ಲ ಹೆಚ್ಚುಕಡಿಮೆ ಒಂದೇ ಅಚ್ಚಿನವು. ಹನ್ನೊಂದು ತಿಂಗಳ ಅವಧಿ, ಮುಂಗಡ ಹಣ, ತಿಂಗಳ ಐದನೇ ತಾರೀಕಿನೊಳಗೆ ಬಾಡಿಗೆ, ಕೊನೆಗೆ ಒಂದು ಸಾಲು: ಗೋಡೆಗೆ ಮೊಳೆ ಹೊಡೆಯಬಾರದು, ತೂತು ಕೊರೆಯಬಾರದು. ಹನ್ನೊಂದು ತಿಂಗಳೇ ಏಕೆ ಎಂಬುದಕ್ಕೂ ಕಾರಣವಿದೆ. ಒಂದು ವರ್ಷಕ್ಕೆ ಮೀರಿದ ಕರಾರನ್ನು 1908ರ ನೋಂದಣಿ ಕಾಯ್ದೆಯಂತೆ ನೋಂದಾಯಿಸಬೇಕಾಗುತ್ತದೆ. ಆ ಖರ್ಚು, ಓಡಾಟ ಯಾರಿಗೂ ಬೇಡ. ಹೀಗೆ ಹನ್ನೊಂದು ತಿಂಗಳಿಗೊಮ್ಮೆ ನವೀಕರಣಗೊಳ್ಳುವ ಬದುಕಿನಲ್ಲಿ ಬಾಡಿಗೆದಾರರು ಗೋಡೆಯನ್ನು ನೋಡುವ ರೀತಿಯೇ ಬೇರೆ. ಕ್ಯಾಲೆಂಡರ್ ಬಾಗಿಲ ಚಿಲಕಕ್ಕೆ ತೂಗುತ್ತದೆ, ಗಡಿಯಾರ ಫ್ರಿಜ್ಜಿನ ಮೇಲೆ ಕೂರುತ್ತದೆ, ಕನ್ನಡಿ ಕಪಾಟಿಗೆ ಒರಗಿ ನಿಲ್ಲುತ್ತದೆ. ಮನೆ ಬಿಡುವ ದಿನ ಯಜಮಾನರು ಬಂದು ಗೋಡೆಯ ಮೇಲೆ ಕೈಯಾಡಿಸುತ್ತಾರೆ. ಸಿಕ್ಕಿದ ಪ್ರತಿ ತೂತಿಗೂ ಮುಂಗಡದಲ್ಲಿ ಲೆಕ್ಕ.

ಮಂಗಳೂರಿನಲ್ಲಿ ನಾವಿರುವ ಫ್ಲ್ಯಾಟ್ ಮೂರನೇ ಮಾಳಿಗೆಯದು. ಬಾಲ್ಕನಿ ಪಶ್ಚಿಮಕ್ಕಿದೆ, ಗಾಳಿ ಧಾರಾಳ. ಆದರೆ ಕಟ್ಟಿದವರು ಅಲ್ಲಿಗೆ ಒಂದು ಬಲ್ಬಿನ ಪಾಯಿಂಟ್ ಕೊಡಲು ಮರೆತಿದ್ದಾರೆ. ಹಾಲ್‌ನ ಕಿಟಕಿಯ ಪಕ್ಕ ಒಂದು ಪ್ಲಗ್ ಪಾಯಿಂಟ್ ಇದೆ, ಅಷ್ಟೇ. ಹಗಲು ಇದೊಂದು ಕೊರತೆ ಎನಿಸುವುದಿಲ್ಲ. ಮಗ್ರಿಬ್ ನಮಾಝ್ ಮುಗಿಸಿ ನಮ್ಮ ಉಮ್ಮ ತಸ್ಬೀಹ್ ಹಿಡಿದು ಅಲ್ಲಿ ಹೋಗಿ ಕೂರುವ ಹೊತ್ತಿಗೆ ಅದು ಗೊತ್ತಾಗುತ್ತದೆ. ಅವರ ಎರಡು ಕಣ್ಣುಗಳಿಗೂ ಪೊರೆಯ ಶಸ್ತ್ರಚಿಕಿತ್ಸೆಯಾಗಿದೆ. ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಊರಿನಲ್ಲಿ ಬಾಲ್ಕನಿಯ ನೆಲ ಒಣಗಿರುವ ದಿನಗಳು ಜೂನ್ ನಂತರ ಅಪರೂಪ. ಕತ್ತಲಲ್ಲಿ ನೀರು ಕಾಣುವುದಿಲ್ಲ. ಈ ವಯಸ್ಸಿನಲ್ಲಿ ಒಮ್ಮೆ ಜಾರಿದರೆ ಸೊಂಟದ ಮೂಳೆಯ ಮಾತು. ಆದ್ದರಿಂದ ದೀಪ ನಮಗೆ ಅಲಂಕಾರದ ಸಂಗತಿಯಾಗಿರಲಿಲ್ಲ.

ಯಜಮಾನರಿಗೆ ಫೋನ್ ಮಾಡಿ ಒಂದೇ ಒಂದು ತೂತಿಗೆ ಅನುಮತಿ ಕೇಳಿದೆವು. ಅವರು ಕೆಟ್ಟವರಲ್ಲ. ನೀರು ನಿಂತರೆ ರಾತ್ರಿ ಹತ್ತಕ್ಕೂ ಪ್ಲಂಬರನ್ನು ಕಳಿಸುತ್ತಾರೆ. ಆದರೆ ಈ ಮಾತಿಗೆ, "ಡ್ರಿಲ್ ಒಂದು ಬೇಡ ಮಾರಾಯ್ರೆ. ಹಿಂದೆ ನಿಮ್ಮವರೇ ಒಬ್ಬರು ಇದ್ದರು. ಗೋಡೆಯನ್ನು ಜರಡಿ ಮಾಡಿ ಹೋದರು" ಎಂದರು.

'ನಿಮ್ಮವರು' ಎಂಬ ಆ ಶಬ್ದ ಫೋನ್ ಇಟ್ಟ ಮೇಲೂ ಕಿವಿಯಲ್ಲಿ ಉಳಿಯಿತು. ಈ ಮನೆ ಸಿಗುವ ಮುನ್ನ ನಾವು ನೋಡಲು ಹೊರಟ ಮನೆಗಳಲ್ಲಿ ಕೆಲವು ನಮ್ಮ ಹೆಸರು ಕೇಳಿದ ಕೂಡಲೇ 'ನಿನ್ನೆಯೇ ಹೋಯಿತು' ಆಗಿದ್ದವು. ಹೀಗೆ ಮನೆ ಹುಡುಕಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಬ್ಬ ತುಳುವರೋ ಕೊಂಕಣಿಗರೋ ಗೋಡೆ ಕೊರೆದರೆ ಅದು ಆ ಮನುಷ್ಯನ ಒರಟುತನವಾಗುತ್ತದೆ. ಒಬ್ಬ ಮುಸ್ಲಿಮ್ ಬಾಡಿಗೆದಾರ ಕೊರೆದರೆ ಅದು ಇಡೀ ಸಮುದಾಯದ ಲೆಕ್ಕಪುಸ್ತಕಕ್ಕೆ ಜಮೆಯಾಗುತ್ತದೆ. ಮುಂದೆ ಬರುವವನಿಗೆ ಬಾಗಿಲು ಮುಚ್ಚುವುದೂ ಅದೇ ಪುಸ್ತಕ ನೋಡಿ. ಇದು ನ್ಯಾಯವಲ್ಲ. ತೂತು ಕೊರೆದವನದು, ಅವನ ಜಾತಿಯದ್ದೂ ಅಲ್ಲ, ಧರ್ಮದ್ದೂ ಅಲ್ಲ.

ಹಾಗಾದರೆ ನಾವು ಗೋಡೆಯನ್ನು ಏಕೆ ಕಾಪಾಡಬೇಕು? 'ನಮ್ಮವರು' ಒಳ್ಳೆಯವರೆಂದು ಸಾಬೀತುಪಡಿಸುವುದಕ್ಕೋ? ರಾತ್ರಿ ಊಟದ ಹೊತ್ತಿಗೆ ಈ ಚರ್ಚೆ ಬಿಸಿಯೇರಿತು. ಉಮ್ಮ ಸುಮ್ಮನೆ ಕೇಳಿಸಿಕೊಂಡು ಕೊನೆಗೆ ಹೇಳಿದರು: "ಗೋಡೆ ನಿಮ್ಮ ಕೈಯಲ್ಲಿರುವ ಅಮಾನತ್ ಮಕ್ಕಳೇ. ಯಜಮಾನರು ಏನು ಅಂದರು ಅಂತ ಕಾಪಾಡುವುದಲ್ಲ. ಅವರು ಏನೂ ಅನ್ನದಿದ್ದರೂ ಕಾಪಾಡಬೇಕು."

ಆ ಮಾತಿನಿಂದ ನಮ್ಮ ಎದೆಯ ಭಾರ ಇಳಿಯಿತು. ಹೆದರಿಕೆಯಿಂದ ಮಾಡುವ ಕೆಲಸಕ್ಕೂ ಹೊಣೆಯಿಂದ ಮಾಡುವ ಕೆಲಸಕ್ಕೂ ಹೊರಗಿನಿಂದ ವ್ಯತ್ಯಾಸ ಕಾಣುವುದಿಲ್ಲ. ಎರಡರಲ್ಲೂ ಗೋಡೆ ಉಳಿಯುತ್ತದೆ. ಆದರೆ ಹೆದರಿಕೆಯವನು ತಲೆ ತಗ್ಗಿಸಿ ಬದುಕುತ್ತಾನೆ, ಹೊಣೆಯವನು ತಲೆಯೆತ್ತಿ. ಮರುದಿನದಿಂದ ತೂತಿಲ್ಲದ ದೀಪದ ಹುಡುಕಾಟ ಶುರುವಾಯಿತು.

ಮೊದಲು ಕೇಳಿಕೊಂಡ ಪ್ರಶ್ನೆ, ಬೆಳಕು ಯಾತಕ್ಕೆ ಎಂಬುದು. ನೆಲದ ಒದ್ದೆ ಕಾಣಬೇಕು, ಕುರ್ಚಿಯ ಕಾಲು ಕಾಣಬೇಕು, ಎದುರು ಕೂತವರ ಮುಖ ಕಾಣಬೇಕು. ಇಷ್ಟಕ್ಕೆ 5 ವ್ಯಾಟಿನ ಎಲ್‌ಇಡಿ ಸಾಕು. ಹಂಪನಕಟ್ಟೆ ಕಡೆಯ ಅಂಗಡಿಯಲ್ಲಿ ಹೊರಾಂಗಣಕ್ಕೆಂದು ಮೊದಲು ತೋರಿಸಿದ್ದು ಆಟದ ಮೈದಾನಕ್ಕೆ ಹೊಂದುವ 50 ವ್ಯಾಟಿನದನ್ನು. ಬೆಲೆಯಲ್ಲಿ ದೊಡ್ಡ ಅಂತರವಿಲ್ಲದ್ದರಿಂದ ದೊಡ್ಡದೇ ಇರಲಿ ಎನಿಸುವುದು ಸಹಜ. ಆದರೆ ಅಷ್ಟು ಬೆಳಕು ನಾಲ್ಕಡಿ ಅಗಲದ ಬಾಲ್ಕನಿಯಲ್ಲಿ ನಿಲ್ಲುವುದಿಲ್ಲ, ಹೊರಗೆ ಚೆಲ್ಲುತ್ತದೆ.

ಬಣ್ಣವೂ ಮುಖ್ಯ. ಪೆಟ್ಟಿಗೆಯ ಮೇಲೆ ಕೆಲ್ವಿನ್ ಎಂಬ ಅಳತೆಯಲ್ಲಿ ಒಂದು ಸಂಖ್ಯೆ ಇರುತ್ತದೆ. 6500 ಎಂದಿದ್ದರೆ ನೀಲಿ ಛಾಯೆಯ ಬಿಳಿ, 2700 ಅಥವಾ 3000 ಎಂದಿದ್ದರೆ ಹಳೆಯ ಬಲ್ಬಿನಂಥ ಹಳದಿ. ನೀಲಿ ಛಾಯೆಯ ಬೆಳಕಿಗೆ ಹುಳುಗಳು ಹೆಚ್ಚು ಮುತ್ತುತ್ತವೆ. ಮೊದಲ ಮಳೆಯ ನಂತರ ರೆಕ್ಕೆಯ ಹಾತೆಗಳು ದೀಪಕ್ಕೆ ಮುಗಿಬಿದ್ದು ಬೆಳಿಗ್ಗೆ ರಾಶಿ ರಾಶಿಯಾಗಿ ನೆಲದಲ್ಲಿ ಬಿದ್ದಿರುವುದನ್ನು ಕರಾವಳಿಯವರು ಕಂಡಿದ್ದಾರೆ. ಹಳದಿ ಬೆಳಕಿನಲ್ಲಿ ಇದು ಪೂರ್ತಿ ನಿಲ್ಲುವುದಿಲ್ಲ, ಆದರೆ ಕಡಿಮೆಯಾಗುತ್ತದೆ. ಮುದಿ ಕಣ್ಣುಗಳಿಗೂ ಅದೇ ಹಿತ.

ಸೋಲಾರ್ ದೀಪ ತಂದರೆ ವಯರಿನ ರಗಳೆಯೇ ಇಲ್ಲ ಎಂದು ಹಲವರು ಸಲಹೆ ಕೊಟ್ಟರು. ನೇರ ಬಿಸಿಲು ದಿನಕ್ಕೆ ಹಲವು ಗಂಟೆ ಬೀಳುವ ಜಾಗವಿದ್ದವರಿಗೆ ಅದು ಒಳ್ಳೆಯ ಸಲಹೆಯೇ. ನಮ್ಮ ಬಾಲ್ಕನಿಗೆ ಮೇಲಿನ ಮಾಳಿಗೆಯ ನೆರಳಿದೆ, ಸಂಜೆಯ ಓರೆ ಬಿಸಿಲು ಮಾತ್ರ ತಲುಪುತ್ತದೆ. ಜೂನಿನಿಂದ ಸಪ್ಟೆಂಬರ್ ತನಕ ಅದೂ ಇಲ್ಲ. ಬೆಳಕು ಹೆಚ್ಚು ಬೇಕಾದ ತಿಂಗಳುಗಳಲ್ಲೇ ಕೈಕೊಡುವ ದೀಪ ನಮಗೆ ಒದಗುವುದಿಲ್ಲವೆಂದು ಬಿಟ್ಟೆವು.

ಇನ್ನು ಅಂಟಿಸುವ ಕೊಕ್ಕೆಗಳು. ಟೈಲ್ಸ್, ಗಾಜು, ಸ್ಟೀಲಿನಂಥ ನುಣುಪು ಮೈಯಲ್ಲಿ ಅವು ಚೆನ್ನಾಗಿ ಕಚ್ಚಿಕೊಳ್ಳುತ್ತವೆ. ಸುಣ್ಣ ಬಳಿದ ಅಥವಾ ಪೇಂಟಿನ ಗೋಡೆಯ ಮೇಲೆ ಅಂಟು ಹಿಡಿಯುವುದು ಬಣ್ಣವನ್ನು, ಗೋಡೆಯನ್ನಲ್ಲ. ಮಳೆಗಾಲದ ತೇವಕ್ಕೆ ಬಣ್ಣ ಸಡಿಲಗೊಂಡಾಗ ಕೊಕ್ಕೆ ಬಣ್ಣದ ಹಾಳೆಯ ಸಮೇತ ಕೆಳಗಿಳಿಯುತ್ತದೆ. ಮೊಳೆಯ ತೂತನ್ನು ಚಿಟಿಕೆ ಪುಟ್ಟಿಯಲ್ಲಿ ಮುಚ್ಚಬಹುದು. ಅಂಗೈಯಗಲ ಎದ್ದ ಬಣ್ಣಕ್ಕೆ ಇಡೀ ಗೋಡೆಗೆ ಬಳಿಯಬೇಕು. ಕೊರೆಯದೆ ಇದ್ದ ಮಾತ್ರಕ್ಕೆ ಗೋಡೆ ಉಳಿಯಿತು ಎಂದೇನಿಲ್ಲ.

ಗೋಡೆಯನ್ನು ಬಿಟ್ಟರೆ ಬಾಲ್ಕನಿಯಲ್ಲಿ ಉಳಿಯುವುದು ಮೂರು: ಕಬ್ಬಿಣದ ಕಟಾಂಜನ, ಬಟ್ಟೆ ಒಣಗಿಸುವ ಹಗ್ಗಕ್ಕೆ ಮೊದಲೇ ಇರುವ ಕೊಕ್ಕೆ ಮತ್ತು ನೆಲ. ನಾವು ನೆಲವನ್ನು ಆರಿಸಿಕೊಂಡೆವು. ಪೇಂಟಿನ ಹಳೆಯ ಬಕೆಟಿನ ನಡುವೆ ಐದಡಿ ಉದ್ದದ ಪಿವಿಸಿ ಪೈಪು ನಿಲ್ಲಿಸಿ, ಸುತ್ತ ಜಲ್ಲಿ ಮತ್ತು ಮರಳು ಒತ್ತಿ ತುಂಬಿದೆವು. ಪೈಪಿನ ತುದಿಗೆ ಗಾಜಿನ ಮುಚ್ಚಳವಿರುವ ಪುಟ್ಟ ಹೊರಾಂಗಣ ದೀಪ. ವಯರು ಪೈಪಿನೊಳಗೇ ಇಳಿಯುತ್ತದೆ. ಗಾಳಿಗೆ ಉರುಳದಂತೆ ಪೈಪನ್ನು ಕಟಾಂಜನಕ್ಕೆ ಎರಡು ಕಡೆ ಕಪ್ಪು ಕೇಬಲ್ ಟೈಯಿಂದ ಬಿಗಿದೆವು. ಬಿಳಿಯದು ಬಿಸಿಲಿಗೆ ಬೇಗ ಒಣಗಿ ಮುರಿಯುತ್ತದೆ, ಕಪ್ಪು ಹೆಚ್ಚು ಕಾಲ ತಾಳುತ್ತದೆ. ಎಲ್ಲವೂ ಕಟಾಂಜನದ ಒಳಬದಿಗೇ ಇವೆ. ಮೂರನೇ ಮಾಳಿಗೆಯಿಂದ ಏನೇ ಬಿದ್ದರೂ ಕೆಳಗೆ ಯಾರದೋ ತಲೆಯಿರುತ್ತದೆ. ದಾರಿಯಲ್ಲಿರುವ ಮುಳ್ಳನ್ನು ತೆಗೆದುಹಾಕುವುದೂ ದಾನವೆಂದು ಕಲಿಸಿದ ಪ್ರವಾದಿ(ಸ)ರ ಅನುಯಾಯಿಗಳು ದಾರಿಯ ಮೇಲೆ ಬಕೆಟ್ ತೂಗುಹಾಕಬಾರದು.

ನೀರು ಮತ್ತು ಕರೆಂಟು ಒಟ್ಟಿಗೆ ಇರುವಲ್ಲಿ ಉಳಿತಾಯ ನೋಡಬಾರದು. ದೀಪದ ಪೆಟ್ಟಿಗೆಯಲ್ಲಿ 'ಐಪಿ' ಎಂಬ ಅಕ್ಷರಗಳ ಮುಂದೆ ಎರಡು ಅಂಕಿಗಳಿರುತ್ತವೆ. ಮೊದಲನೆಯದು ಧೂಳಿಗೆ, ಎರಡನೆಯದು ನೀರಿಗೆ. 44 ಎಂದರೆ ಎರಚಲು ತಾಳುತ್ತದೆ. 65 ಎಂದರೆ ಧೂಳು ಒಳನುಗ್ಗುವುದಿಲ್ಲ, ರಭಸದಿಂದ ಚಿಮ್ಮುವ ನೀರನ್ನೂ ತಡೆಯುತ್ತದೆ. ಪಶ್ಚಿಮದ ಗಾಳಿಮಳೆಗೆ ಮೈಯೊಡ್ಡಿರುವ ಬಾಲ್ಕನಿಗೆ 65 ಬೇಕು. ವಯರನ್ನು ಬಾಗಿಲ ಸಂದಿನಲ್ಲಿ ತೂರಿಸಿದರೆ ದಿನವೂ ಜಜ್ಜಿ ಒಳಗಿನ ತಂತಿ ಹೊರಬರುತ್ತದೆ. ಕಿಟಕಿಯ ಸರಳುಗಳ ನಡುವೆ ತರುವುದು ಕ್ಷೇಮ. ಪ್ಲಗ್ ಕಡೆಗೆ ಏರುವ ಮುನ್ನ ವಯರು ಸ್ವಲ್ಪ ಜೋತುಬಿದ್ದಿರಲಿ. ಹರಿದುಬಂದ ನೀರು ಆ ತಗ್ಗಿನಲ್ಲೇ ತೊಟ್ಟಿಕ್ಕುತ್ತದೆ, ಪ್ಲಗ್ ತನಕ ಹೋಗುವುದಿಲ್ಲ. ಎಕ್ಸ್‌ಟೆನ್ಷನ್ ಪೆಟ್ಟಿಗೆ ಹೊರಗಿರಬಾರದು. ಕರೆಂಟು ಸೋರಿದರೆ ತಾನಾಗಿ ಕಡಿಯುವ ಸ್ವಿಚ್ಚು ಮನೆಯ ಮೀಟರ್ ಬೋರ್ಡಿನಲ್ಲಿದೆಯೇ ಎಂದು ಎಲೆಕ್ಟ್ರಿಷಿಯನ್‌ಗೆ ತೋರಿಸಿಕೊಳ್ಳಬೇಕು. ಇಲ್ಲದಿದ್ದರೆ ಯಜಮಾನರಲ್ಲಿ ಧೈರ್ಯವಾಗಿ ಕೇಳಬೇಕು, ಅದು ಅವರ ಮನೆಗೂ ಒಳ್ಳೆಯದು. ಗುಡುಗು ಸಿಡಿಲಿನ ಸಂಜೆಗಳಲ್ಲಿ ಪ್ಲಗ್ ಕಿತ್ತಿಡುವುದೇ ಸರಿ.

ದೀಪ ಉರಿಸಿದ ಮೊದಲ ಸಂಜೆ ನಾವು ಒಂದು ಕೆಲಸ ಮಾಡಿದೆವು. ಎದುರಿನ ಕಟ್ಟಡಕ್ಕೆ ಹೋಗಿ ನಮ್ಮ ಬಾಲ್ಕನಿಗೆ ನೇರ ಎದುರಿರುವ ಮನೆಯ ಬಾಗಿಲು ತಟ್ಟಿದೆವು. ಆ ಮನೆಯ ಅಕ್ಕನನ್ನು ಲಿಫ್ಟಿನ ಬಳಿ, ತರಕಾರಿ ಗಾಡಿಯ ಬಳಿ ಕಂಡದ್ದುಂಟು, ಮಾತಾಡಿದ್ದಿಲ್ಲ. "ನಮ್ಮ ದೀಪ ನಿಮ್ಮ ಕೋಣೆಗೆ ಹೇಗೆ ಬೀಳುತ್ತದೆ ಅಂತ ಒಮ್ಮೆ ನೋಡಬಹುದೇ ಅಕ್ಕ?" ಎಂದು ಕೇಳಿದಾಗ ಅವರು ಅರೆಕ್ಷಣ ಕಕ್ಕಾಬಿಕ್ಕಿಯಾದರು. ಆಮೇಲೆ ನಗುತ್ತಾ ಒಳಗೆ ಕರೆದರು. ಕಿಟಕಿಯ ಬದಿಯಲ್ಲಿ ತೊಟ್ಟಿಲಿತ್ತು. ಮನೆಗೆ ಫೋನ್ ಮಾಡಿ ದೀಪದ ತಲೆಯನ್ನು ಕೆಳಕ್ಕೆ ಬಾಗಿಸಲು ಹೇಳಿದೆವು. ಬೆಳಕಿನ ತುಂಡು ಕಿಟಕಿಯಿಂದ ಇಳಿದು ನಮ್ಮ ನೆಲದಲ್ಲೇ ನಿಂತಿತು. "ಇಷ್ಟು ಸಾಕು ಮಾರಾಯ್ರೆ, ಮಗುವಿನ ಮುಖಕ್ಕೆ ಬೀಳುವುದಿಲ್ಲ. ಇದನ್ನು ಕೇಳಲಿಕ್ಕೆ ಮೆಟ್ಟಿಲು ಹತ್ತಿ ಬಂದಿರಾ?" ಎಂದವರು ಚಹಾ ಕುಡಿಸದೆ ಕಳಿಸಲಿಲ್ಲ. ನೆರೆಯವರ ಹಕ್ಕಿನ ಬಗ್ಗೆ ಪ್ರವಚನಗಳಲ್ಲಿ ಎಷ್ಟೋ ಕೇಳಿದ್ದೇವೆ. ಹಸಿದ ನೆರೆಯವನಿಗೆ ಅನ್ನ ಕೊಡುವುದು ಮೊದಲ ಮಾತು ನಿಜ. ನೆರೆಯವನ ನಿದ್ದೆಯೂ ಆ ಹಕ್ಕಿನಲ್ಲಿ ಸೇರಿದೆ. ದೀಪ ಖರೀದಿಸುವವರು ಅದನ್ನು ಒಮ್ಮೆ ಎದುರು ಮನೆಯ ಕಿಟಕಿಯಿಂದ ನೋಡಬೇಕು.

ಮಲಗುವ ಮುನ್ನ ದೀಪ ಆರಿಸಿ ಎಂದು ಪ್ರವಾದಿ(ಸ)ರು ಬೋಧಿಸಿದ್ದರು. ಅಂದಿನ ಎಣ್ಣೆ ದೀಪದ ಬತ್ತಿಯನ್ನು ಇಲಿ ಎಳೆದೊಯ್ದು ಮನೆಗೆ ಬೆಂಕಿ ಹಚ್ಚೀತೆಂಬ ಕಾಳಜಿ ಅದು. ಎಲ್‌ಇಡಿಗೆ ಬತ್ತಿಯಿಲ್ಲ, ಆದರೆ ಆ ಶಿಸ್ತು ಇಂದಿಗೂ ಸಲ್ಲುತ್ತದೆ. ನಮ್ಮ ದೀಪ ದಿನಕ್ಕೆ ನಾಲ್ಕು ಗಂಟೆ ಉರಿದರೆ ತಿಂಗಳಿಗೆ 0.6 ಯುನಿಟ್. ಹಳೆಯ 40 ವ್ಯಾಟಿನ ಬಲ್ಬಿಗೆ ಅದೇ ಹೊತ್ತಿಗೆ 4.8 ಯುನಿಟ್ ಆಗುತ್ತಿತ್ತು. 2023ರಲ್ಲಿ ಆರಂಭವಾದ ಗೃಹಜ್ಯೋತಿ ಯೋಜನೆ ಬಾಡಿಗೆದಾರರನ್ನೂ ಒಳಗೊಂಡಿತು, ನಮ್ಮಂಥವರಿಗೆ ಅದು ದೊಡ್ಡ ನೆರವು. ಆದರೆ ಬಿಲ್ಲು ಸೊನ್ನೆಯಾದರೆ ದುಂದು ಪುಣ್ಯವಾಗುವುದಿಲ್ಲ.

ಈ ಹುಡುಕಾಟ ಶುರುವಾದ ಮೇಲೆ ನಮ್ಮ ಕಣ್ಣು ಊರಿನ ಬಾಲ್ಕನಿಗಳ ಮೇಲೆಯೇ. ದೀಪಾವಳಿಗೆ ಗೂಡುದೀಪ, ಕ್ರಿಸ್ಮಸ್ಸಿಗೆ ಕಾಗದದ ನಕ್ಷತ್ರ, ರಮಝಾನಿನಲ್ಲಿ ತರಾವೀಹ್ ಮುಗಿಸಿ ಬರುವವರಿಗೆ ಕಾಣುವಂತೆ ಸೀರಿಯಲ್ ಸೆಟ್. ಹತ್ತಿರ ಹೋಗಿ ನೋಡಿದರೆ ಹೆಚ್ಚಿನವು ಮೊಳೆಯ ಮೇಲಿಲ್ಲ. ಕಟಾಂಜನಕ್ಕೆ ದಾರದಲ್ಲಿ, ಹಳೆಯ ದುಪಟ್ಟಾದ ಅಂಚಿನಲ್ಲಿ, ಕೇಬಲ್ ಟೈಯಲ್ಲಿ ಕಟ್ಟಿದಂಥವು. ಹಬ್ಬ ಬೇರೆ ಬೇರೆ, ಆದರೆ ಅವರೆಲ್ಲರ ಕರಾರುಪತ್ರದ ಕೊನೆಯ ಸಾಲು ಒಂದೇ. ಮನೆಯಿಲ್ಲದವರ ನಡುವೆ ಇಷ್ಟೊಂದು ಹೋಲಿಕೆಯಿದೆ ಎಂಬುದು ನಮಗೆ ಹೊಸ ತಿಳಿವಳಿಕೆ.

ಯಜಮಾನರಿಗೂ ಒಂದು ಮಾತಿದೆ. ವಾಸಕ್ಕೆ ಕೊಟ್ಟ ಮನೆಯಲ್ಲಿ ಜನ ವಾಸಿಸುತ್ತಾರೆ. ಬಳಕೆಯಿಂದ ಸವೆಯುವುದು ಬೇರೆ, ಹಾಳುಗೆಡವುವುದು ಬೇರೆ. 2021ರಲ್ಲಿ ಕೇಂದ್ರ ಸರಕಾರ ಹೊರತಂದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಮುಂಗಡ ಬೇಡವೆಂದು ಸೂಚಿಸಿ, ಗೋಡೆಗೆ ಸುಣ್ಣ ಬಣ್ಣದ ಹೊಣೆಯನ್ನು ಮಾಲೀಕರ ಪಟ್ಟಿಗೆ ಸೇರಿಸಿತು. ಅದು ಮಾದರಿ ಮಾತ್ರ, ರಾಜ್ಯಗಳು ಅಳವಡಿಸಿಕೊಂಡರಷ್ಟೇ ಕಾನೂನು. ಆದರೂ ಅದರ ಹಿಂದಿನ ನ್ಯಾಯವನ್ನು ಒಪ್ಪಲು ಕಾನೂನು ಬೇಕಿಲ್ಲ. ಅಮಾನತ್ ಎಂಬುದು ಒಂದೇ ಕಡೆಯದಲ್ಲ. ಗೋಡೆ ನಮ್ಮ ಕೈಯಲ್ಲಿದ್ದಂತೆ ನಮ್ಮ ಮುಂಗಡ ಅವರ ಕೈಯಲ್ಲಿದೆ.

ಕಳೆದ ತಿಂಗಳು ಅವರು ನೀರಿನ ಪೈಪು ನೋಡಲು ಬಂದಿದ್ದರು. ಸಂಜೆಯಾಗಿತ್ತು, ಉಮ್ಮ ದೀಪದಡಿ ಕೂತಿದ್ದರು. ಅವರು ಬಕೆಟನ್ನೂ ಪೈಪನ್ನೂ ಸುತ್ತ ನೋಡಿ, ಜಲ್ಲಿ ಎಷ್ಟು ಹಿಡಿಯಿತು ಎಂದು ವಿಚಾರಿಸಿದರು. ಅವರ ತಾಯಿಗೂ ಅಂಗಳದಲ್ಲಿ ಇಂಥದೊಂದು ಬೇಕಂತೆ.

ನಾವೂ ಒಂದು ದಿನ ಈ ಮನೆ ಬಿಡುತ್ತೇವೆ. ಕೇಬಲ್ ಟೈ ಕತ್ತರಿಸಿದರೆ ದೀಪ ನಮ್ಮೊಂದಿಗೆ ಬರುತ್ತದೆ, ಗೋಡೆ ಇದ್ದಂತೆಯೇ ಉಳಿಯುತ್ತದೆ. ಆಮೇಲೆ ಬರುವವರು ಯಾರೇ ಇರಲಿ, ಅವರಿಗೆ ನಮ್ಮ ಬಗ್ಗೆ ಹೇಳುವಾಗ ಯಜಮಾನರು 'ಹಿಂದೆ ಒಬ್ಬರು ಇದ್ದರು' ಎಂದರೆ ಸಾಕು. ನಿಮ್ಮವರು, ನಮ್ಮವರು ಎಂಬುದು ಅದರಲ್ಲಿ ಬೇಡ.