ಮುದ್ರೆ ಇಲ್ಲದ ತಕ್ಕಡಿ

ಜನವರಿ 9, 2025, ಗುರುವಾರ, ಹಾಸನ

ಮೂರು ತಿಂಗಳ ಸರಾಸರಿ ಸಕ್ಕರೆ 6.1 ಬಂದಿದೆ. 5.7ರಿಂದ ಎಚ್ಚರಿಕೆಯ ಗಡಿ, 6.5 ಮುಟ್ಟಿದರೆ ಕಾಯಿಲೆ. ಡಾಕ್ಟರು ಎತ್ತರ 168 ಸೆಂ.ಮೀ., ತೂಕ 68 ಕೆ.ಜಿ. ಎಂದು ಬರೆದುಕೊಂಡು ಬಿಎಂಐ 24 ಅಂದರು. ‘ನಾನೇನು ದಪ್ಪಗಿಲ್ಲವಲ್ಲ ಸಾರ್’ ಅಂದೆ. ನಮ್ಮ ದೇಶದವರಿಗೆ 23 ದಾಟಿದರೇ ಹೆಚ್ಚಂತೆ. ಟೇಪು ತೆಗೆದು ಸೊಂಟ ಅಳೆದರು. 94. ಗಂಡಸರಿಗೆ 90ರ ಒಳಗಿರಬೇಕು.

ಆಮೇಲೆ ಮೊಬೈಲಿನಲ್ಲಿ ಒಂದು ಫೋಟೊ ತೋರಿಸಿದರು. ಇಬ್ಬರು ವೈದ್ಯ ವಿಜ್ಞಾನಿಗಳು ಅಕ್ಕಪಕ್ಕ ನಿಂತಿದ್ದಾರೆ, ಪುಣೆಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಬ್ರಿಟನ್ನಿನ ಜಾನ್ ಯುಡ್ಕಿನ್. 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದದ್ದು. ಇಬ್ಬರ ಬಿಎಂಐ ಕೂಡ 22.3. ಆದರೆ ಯುಡ್ಕಿನ್ ಮೈಯಲ್ಲಿ ಕೊಬ್ಬು ನೂರಕ್ಕೆ 9.1, ಯಾಜ್ಞಿಕರ ಮೈಯಲ್ಲಿ 21.2. ತಕ್ಕಡಿ ಇಬ್ಬರನ್ನೂ ಸರಿಯಾಗಿಯೇ ತೂಗಿದೆ. ತಾನು ತೂಗಿದ್ದು ಏನನ್ನು ಅನ್ನುವುದು ಮಾತ್ರ ಅದಕ್ಕೆ ಗೊತ್ತಿಲ್ಲ. ತೂಕ-ಅಳತೆ ಇಲಾಖೆಯಲ್ಲಿ ಸಂತೆ ಸಂತೆ ತಿರುಗಿ ಮುದ್ರೆ ಒತ್ತಿ ನಿವೃತ್ತನಾದವನಿಗೆ ಈ ವಿಷಯ ಚೆನ್ನಾಗಿಯೇ ನಾಟಿತು.

ಮಾತ್ರೆ ಬರೆಯಲಿಲ್ಲ. ‘ಹೊಟ್ಟೆ ಇಳೀಲಿ, ತೊಡೆ ಬೆಳೀಲಿ, ತೂಕ ಏನಾದ್ರೂ ಆಗ್ಲಿ. ಉಂಡ ಮೇಲೆ ರಕ್ತಕ್ಕೆ ಬರೋ ಸಕ್ಕರೇಲಿ ದೊಡ್ಡ ಪಾಲು ಎಳ್ಕೊಳ್ಳೋದೇ ಸ್ನಾಯು. ಬರೀ ವಾಕಿಂಗ್ ಸಾಲದು, ಜಿಮ್ಮಿಗೆ ಸೇರಿ’ ಅಂದರು. ಅರವತ್ತು ದಾಟಿದ ಮೇಲೆ ಜಿಮ್ಮು!

ಜನವರಿ 21, ಮಂಗಳವಾರ

ಜಿಮ್ಮಿನ ಹುಡುಗ ಕಬ್ಬಿಣ ಮುಟ್ಟಿಸುವ ಮೊದಲು ಒಂದು ಗಾಜಿನ ಯಂತ್ರದ ಮೇಲೆ ಬರಿಗಾಲಲ್ಲಿ ನಿಲ್ಲಿಸಿದ. ಕೊಬ್ಬು 26.8 ಅಂತ ಬಂತು. ದಶಮಾಂಶ ಬೇರೆ!

ಕೇಳಿ ತಿಳಿದುಕೊಂಡೆ. ಒಂದು ಪಾದದಿಂದ ಚೂರೇ ಚೂರು ಕರೆಂಟು ಹತ್ತಿ ಇನ್ನೊಂದರಿಂದ ಇಳಿಯುತ್ತದೆ. ಸ್ನಾಯುವಿನಲ್ಲಿ ನೀರು ಜಾಸ್ತಿ, ಸಲೀಸಾಗಿ ಹರಿಯುತ್ತದೆ. ಕೊಬ್ಬಿನಲ್ಲಿ ನೀರು ಕಮ್ಮಿ, ತಡೆಯುತ್ತದೆ. ಯಂತ್ರ ಅಳೆಯುವುದು ಆ ತಡೆಯನ್ನಷ್ಟೇ. ಅದಕ್ಕೆ ತೂಕ, ಎತ್ತರ, ವಯಸ್ಸು, ಗಂಡೋ ಹೆಣ್ಣೋ ಅನ್ನುವುದನ್ನೆಲ್ಲ ಸೇರಿಸಿ ಸೂತ್ರ ಹಾಕಿ ಕೊಬ್ಬು ಇಷ್ಟು ಅನ್ನುತ್ತದೆ.

ಹಳೇ ಚಾಳಿ ಸುಮ್ಮನಿರಲು ಬಿಡಲಿಲ್ಲ. ‘ಎತ್ತರ 178 ಅಂತ ಒತ್ತಪ್ಪ’ ಅಂದೆ. ಒತ್ತಿದ. ಮತ್ತೆ ಹತ್ತಿ ನಿಂತೆ. ಮೈಯಲ್ಲಿ ಒಂದು ತೊಟ್ಟೂ ಕರಗಿಲ್ಲ, ಕೊಬ್ಬು ಮಾತ್ರ 22ಕ್ಕೆ ಇಳಿಯಿತು. ‘ಅಥ್ಲೀಟ್’ ಅನ್ನುವ ಗುಂಡಿ ಇತ್ತು, ಅದನ್ನೂ ಒತ್ತಿಸಿದೆ. ಇನ್ನೂ ಇಳಿಯಿತು. ಹುಡುಗ ತಲೆ ಕೆರೆದುಕೊಂಡು ‘ಹೀಗೆ ಯಾರೂ ಕೇಳಿರ್ಲಿಲ್ಲ ಸಾರ್’ ಅಂದ. ಗಿರಾಕಿಯ ಎತ್ತರ ಕೇಳಿಕೊಂಡು ಬೆಲ್ಲ ತೂಗುವ ತಕ್ಕಡಿ ಸಂತೆಯಲ್ಲಿ ಸಿಕ್ಕಿದ್ದರೆ ಅಲ್ಲೇ ಜಪ್ತಿ ಮಾಡುತ್ತಿದ್ದೆ.

ಇನ್ನೊಂದು ವಿಷಯ. ಕಾಲಿಂದ ಕಾಲಿಗೆ ಹರಿಯುವ ಕರೆಂಟಿಗೆ ಹೊಟ್ಟೆಯ ಸಮಾಚಾರ ಸರಿಯಾಗಿ ತಿಳಿಯುವುದೇ ಇಲ್ಲ. ನನ್ನ ತಕರಾರೆಲ್ಲ ಇರುವುದು ಅಲ್ಲೇ.

ಫೆಬ್ರವರಿ 15, ಶನಿವಾರ

ಮೊದಲ ವಾರಗಳ ನೋವು ಇಳಿದಿದೆ. ಕುರ್ಚಿಯಿಂದ ಕೈ ಊರದೆ ಏಳುವುದರಿಂದ ಶುರುವಾಗಿ ಈಗ ಜಿಮ್ಮಿನ ಹುಡುಗ ಎದೆಗೆ ಡಂಬೆಲ್ ಅವುಚಿಕೊಂಡು ಸ್ಕ್ವಾಟ್ ಮಾಡಿಸುತ್ತಿದ್ದಾನೆ. ಚಿಕ್ಕಂದಿನಲ್ಲಿ ಇದಕ್ಕೆ ಬಸ್ಕಿ ಅನ್ನುತ್ತಿದ್ದೆವು, ಮೇಷ್ಟ್ರು ಬಿಟ್ಟಿಯಾಗಿ ಹೊಡೆಸುತ್ತಿದ್ದರು.

ಇವತ್ತು ಚಿಮುಟದಂಥ ಕ್ಯಾಲಿಪರ್ ತಂದ. ಎದೆ, ಹೊಕ್ಕುಳ ಪಕ್ಕ, ತೊಡೆ, ಮೂರು ಕಡೆ ಚರ್ಮವನ್ನು ಕೊಬ್ಬಿನ ಸಮೇತ ಹಿಡಿದೆತ್ತಿ ಮಡಿಕೆಯ ದಪ್ಪ ಅಳೆಯುತ್ತಾರೆ. ಗಂಡಸರಿಗೆ ಜ್ಯಾಕ್ಸನ್, ಪೊಲಾಕ್ ಅನ್ನುವವರು 1978ರಲ್ಲಿ ಕೊಟ್ಟ ಸೂತ್ರ. ಕಚ್ಚಿಸಿ ಎರಡು ಸೆಕೆಂಡಿನಲ್ಲಿ ಓದಿಬಿಡಬೇಕು, ತಡ ಮಾಡಿದರೆ ಮಡಿಕೆ ಅದುಮಿಕೊಂಡು ಮುಳ್ಳು ಇಳಿಯುತ್ತಾ ಹೋಗುತ್ತದೆ. ಹೊಕ್ಕುಳ ಪಕ್ಕ ಹುಡುಗನಿಗೆ 27 ಮಿ.ಮೀ. ಬಂತು, ಅವನ ಸಹಾಯಕನಿಗೆ 31. ಇಬ್ಬರೂ ಪ್ರಾಮಾಣಿಕರೇ, ಹಿಡಿದ ಜಾಗ ಒಂದು ಬೆರಳು ಆಚೀಚೆ. ಕರುಳು, ಪಿತ್ತಜನಕಾಂಗದ ಸುತ್ತ ಕೂತ ಕೊಬ್ಬಂತೂ ಯಾವ ಚಿಮುಟಕ್ಕೂ ಸಿಗದು. ಸಕ್ಕರೆಗೆ ಹತ್ತಿರದ ನೆಂಟ ಅದೇ.

ಹಾಗಾದರೆ ಅಸಲು ಅಳತೆ ಯಾವುದು? ನಮ್ಮಲ್ಲಿ ಯಾವ ಕಲ್ಲನ್ನೇ ಆಗಲಿ ಇಲಾಖೆಯ ಮಾದರಿ ಕಲ್ಲಿನ ಜೊತೆ ಹೋಲಿಸಿ ನೋಡುತ್ತಿದ್ದೆವು. ಮೈಕೊಬ್ಬಿಗೆ ಅಂಥ ಹೋಲಿಕೆ ಬೇಕಾದರೆ ಹೆಣವನ್ನೇ ಕೊಯ್ಯಬೇಕು. ಬ್ರಸೆಲ್ಸ್‌ನಲ್ಲಿ 1980ರ ಆಸುಪಾಸಿನಲ್ಲಿ ಅದನ್ನೂ ಮಾಡಿದ್ದಾರೆ: 25 ಶವಗಳ ಚರ್ಮ, ಕೊಬ್ಬು, ಸ್ನಾಯು, ಮೂಳೆ ಬೇರೆ ಬೇರೆ ಮಾಡಿ ತೂಗಿದ್ದಾರೆ. ಬದುಕಿರುವವರಿಗೆ ಮಿಕ್ಕಿದ್ದೆಲ್ಲ ಅಂದಾಜು, ಎರಡು ಬಗೆಯ ಎಕ್ಸ್‌ರೇ ಹಾಯಿಸುವ ಡೆಕ್ಸಾ ಸ್ಕ್ಯಾನ್ ಕೂಡ. ಅದು ಒಳ್ಳೇ ಅಂದಾಜು, ಅಷ್ಟೇ.

ಮಾರ್ಚ್ 3, ಸೋಮವಾರ

ಮನೆಯಲ್ಲಿ ಜಗಳ. ಸ್ನಾಯು ಬೆಳೆಯಲು ಪ್ರೋಟೀನ್ ಬೇಕು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಲೆಕ್ಕದಲ್ಲಿ ಸಾಮಾನ್ಯರಿಗೆ ಒಂದು ಕೆ.ಜಿ. ಮೈತೂಕಕ್ಕೆ ದಿನಕ್ಕೆ 0.83 ಗ್ರಾಂ. ಭಾರ ಎತ್ತುವವರಿಗೆ 1.6ರವರೆಗೆ ಉಪಯೋಗ ಕಾಣುತ್ತದೆ ಎಂದು ಸಂಶೋಧನೆಗಳಿವೆ. ಡಾಕ್ಟರು ಕಿಡ್ನಿ ಪರೀಕ್ಷೆಯ ರಿಪೋರ್ಟು ನೋಡಿ 80 ಗ್ರಾಂ ಸಾಕು ಅಂದರು. ನಾನು ಅಡುಗೆಮನೆಗೆ ಎಲೆಕ್ಟ್ರಾನಿಕ್ ತಕ್ಕಡಿ ತಂದು ತೊಗರಿಬೇಳೆ ತೂಗಲು ಕೂತೆ.

‘ಅಂಗಡಿಯೋರ್ನ ಕಾಡಿದ್ದು ಸಾಲ್ದು ಅಂತ ಈಗ ನನ್ನ ಒಲೆ ಹತ್ರ ಬಂದ್ರಾ?’ ಅಂದಳು ಹೆಂಡತಿ.

ಆದರೂ ತೂಗಿದೆ. ನೂರು ಗ್ರಾಂ ಬೇಳೆಯಲ್ಲಿ ಸುಮಾರು 22 ಗ್ರಾಂ ಪ್ರೋಟೀನ್, ಸರಿ. ಆದರೆ ನನ್ನ ಪಾಲಿನ ಸಾರಿನಲ್ಲಿ ಬೀಳುವ ಬೇಳೆ 30 ಗ್ರಾಂ ಇಲ್ಲ, ಅಂದರೆ ಪ್ರೋಟೀನ್ ಏಳೂ ಆಗದು. ರಾಗಿಹಿಟ್ಟು ನೂರಕ್ಕೆ 7. ಹೇಗೆ ಕೂಡಿದರೂ ದಿನಕ್ಕೆ 45 ದಾಟಲಿಲ್ಲ. ಈಗ ಒಪ್ಪಂದವಾಗಿದೆ: ಬೆಳಿಗ್ಗೆ ಎರಡು ಮೊಟ್ಟೆ, ಹುರುಳಿಕಾಳು ಗಟ್ಟಿಯಾಗಿ, ಸಂಜೆ ಕಡ್ಲೇಕಾಯಿ, ಮೊಸರು, ವಾರಕ್ಕೆರಡು ಸಲ ಕೋಳಿ. ಎರಡು ಮುದ್ದೆಯ ಬದಲು ಒಂದು. ಜಿಮ್ಮಿನ ಹುಡುಗ ಡಬ್ಬಿಯ ಪುಡಿ ಮಾರಲು ನೋಡಿದ. ಸ್ನಾಯು ಬೆಳೆಸಲೆಂದು ಪ್ರೋಟೀನ್ ಪುಡಿಯ ಮೊರೆ ಹೋಗಬೇಡಿ ಎಂದು ಅದೇ ಸಂಸ್ಥೆ 2024ರ ಆಹಾರ ಮಾರ್ಗಸೂಚಿಯಲ್ಲಿ ಹೇಳಿದೆ. ತೋರಿಸಿದೆ, ಸುಮ್ಮನಾದ.

ಏಪ್ರಿಲ್ 1, ಮಂಗಳವಾರ

ಭಾನುವಾರ ಯುಗಾದಿ, ನಿನ್ನೆ ಹೊಸತೊಡಕು. ಇವತ್ತು ತೂಕ 69.6. ಇವಳಿಗೆ ಗಾಬರಿ, ನನಗೆ ಲೆಕ್ಕ. ಒಂದು ಕೆ.ಜಿ. ಕೊಬ್ಬೆಂದರೆ ಸುಮಾರು 7,700 ಕ್ಯಾಲೊರಿ. ಎರಡು ದಿನದಲ್ಲಿ ಒಂದೂವರೆ ಕೆ.ಜಿ. ಕೊಬ್ಬು ಸೇರಬೇಕಾದರೆ ಮಾಮೂಲಿ ಊಟದ ಮೇಲೆ ಹನ್ನೊಂದು ಸಾವಿರಕ್ಕೂ ಹೆಚ್ಚು ಉಣ್ಣಬೇಕು. ಒಬ್ಬಟ್ಟು, ಮಟನ್ ಎರಡನ್ನೂ ಒಪ್ಪಿಕೊಳ್ಳುತ್ತೇನೆ, ಅಷ್ಟು ಮಾತ್ರ ತಿಂದಿಲ್ಲ. ಸ್ನಾಯು ಕೂಡಿಟ್ಟುಕೊಳ್ಳುವ ಗ್ಲೈಕೋಜನ್ ಪ್ರತಿ ಗ್ರಾಮಿಗೆ ಮೂರರಷ್ಟು ನೀರು ಹಿಡಿದುಕೊಳ್ಳುತ್ತದೆ, ಉಪ್ಪು ಇನ್ನಷ್ಟು ನೀರು ತರುತ್ತದೆ. ವಾರದೊಳಗೆ ಇಳಿದೀತು. ಇಂಥ ಬೆಳಗಿನ ತೂಕ ನೋಡಿ ಉಪವಾಸ ಕೂರುವವರು ಮೊದಲು ಕಳೆದುಕೊಳ್ಳುವುದು ಈ ನೀರನ್ನೇ.

ಏಪ್ರಿಲ್ 18, ಶುಕ್ರವಾರ

ಕೊನೆಗೆ ನನ್ನ ಕೆಲಸದ ಸಾಮಾನಿಗೇ ಬಂದೆ: ಟೇಪು. ಜಿಮ್ಮಿನ ಬಟ್ಟೆ ಟೇಪನ್ನು ನನ್ನ ಹಳೇ ಉಕ್ಕಿನ ಸ್ಕೇಲಿನ ಪಕ್ಕ ಹಾಸಿ ನೋಡಿದರೆ ಎಳೆದೂ ಎಳೆದೂ ಉದ್ದವಾಗಿದೆ. ಉದ್ದವಾದ ಟೇಪು ಸೊಂಟವನ್ನು ಕಮ್ಮಿ ತೋರಿಸುತ್ತದೆ. ಗಿರಾಕಿಗಳಿಗೆ ಖುಷಿಯಾಗಿರಬೇಕು. ಹಿಗ್ಗದ ಫೈಬರ್ ಟೇಪು ಕೊಂಡೆ.

ಅಮೆರಿಕದ ನೌಕಾಪಡೆಗೆಂದು 1984ರಲ್ಲಿ ಮಾಡಿದ ಸೂತ್ರ ಒಂದಿದೆ. ಗಂಡಸರಿಗೆ ಹೊಕ್ಕುಳ ಸುತ್ತಳತೆಯಿಂದ ಕತ್ತಿನ ಸುತ್ತಳತೆ ಕಳೆದು, ಎತ್ತರ ಸೇರಿಸಿ ಲಾಗರಿದಮ್ ಹಾಕುವುದು. ಆ ನೌಕಾಪಡೆಗೆ ಈ ಗೀಳು ಹಳೆಯದು. ಅಲ್ಲಿನ ವೈದ್ಯ ಆಲ್ಬರ್ಟ್ ಬೆಂಕೆ ಮತ್ತು ಜೊತೆಗಾರರು 1942ರಲ್ಲಿ 25 ವೃತ್ತಿಪರ ಫುಟ್‌ಬಾಲ್ ಆಟಗಾರರ ವಿಷಯ ಬರೆದರು. ತೂಕದ ಪಟ್ಟಿ ನೋಡಿದರೆ 17 ಮಂದಿ ಸೇನೆಗೆ ಅನರ್ಹರು. ನೀರಿನಲ್ಲಿ ಮುಳುಗಿಸಿ ತೂಗಿದರೆ ಹೆಚ್ಚಿನ ಭಾರವೆಲ್ಲ ಸ್ನಾಯು! ಕೊಬ್ಬು ನೀರಿಗಿಂತ ಹಗುರ, ಘನ ಸೆಂಟಿಮೀಟರಿಗೆ 0.9 ಗ್ರಾಂ. ಮಿಕ್ಕ ಮೈ 1.1.

ಜನವರಿಯ ನನ್ನ ಅಳತೆ, ಹೊಟ್ಟೆ 94 ಕತ್ತು 37, ಹಾಕಿದರೆ 25.3 ಬರುತ್ತದೆ. ಹೊಟ್ಟೆ 95 ಅಂತ ಹಾಕಿದರೆ 26. ಅಂದರೆ ಟೇಪು ಒಂದು ಸೆಂಟಿಮೀಟರ್ ಸಡಿಲವಾದರೆ ಮುಕ್ಕಾಲು ಅಂಶ ಕೊಬ್ಬು ಹುಟ್ಟುತ್ತದೆ. ಸೂತ್ರದಲ್ಲೇ ಮೂರು ನಾಲ್ಕು ಅಂಶದ ಆಚೀಚೆ ಇದ್ದೇ ಇದೆ. ಅದರ ಉತ್ತರ ನಂಬುವುದಕ್ಕಿಂತ ಅಳತೆಯನ್ನೇ ನಂಬುವುದು ವಾಸಿ ಅನ್ನಿಸಿತು. ನಿಯಮ ಮಾಡಿಕೊಂಡಿದ್ದೇನೆ: ಭಾನುವಾರ ಬೆಳಿಗ್ಗೆ, ಶೌಚ ಆದ ಮೇಲೆ, ಕಾಫಿಗೆ ಮುಂಚೆ, ಉಸಿರು ತಾನಾಗಿ ಹೊರಗೆ ಹೋದಾಗ, ಹೊಟ್ಟೆ ಒಳಗೆಳೆದುಕೊಳ್ಳದೆ. ಟೇಪಿನ ತುದಿ ಹಿಡಿಯುವುದು ಇವಳು. ನನ್ನ ಕೈಯಲ್ಲಿ ಕೊಟ್ಟರೆ ಬಿಗಿ ಎಳೆಯುತ್ತೇನೆಂದು ಅವಳಿಗೆ ಅನುಮಾನ.

ಜೂನ್ 12, ಗುರುವಾರ

ಸಕ್ಕರೆ 5.8. ತೂಕ 67.4, ಹೆಚ್ಚುಕಮ್ಮಿ ಇದ್ದಲ್ಲೇ ಇದೆ. ಹೊಟ್ಟೆ 89. ಕತ್ತು 37. ಟೇಪಿನ ಸೂತ್ರದಲ್ಲಿ ಕೊಬ್ಬು 21.9, ಗಾಜಿನ ಯಂತ್ರದಲ್ಲಿ 25.6. ಯಾವುದೂ ಸುಳ್ಳು ಹೇಳುತ್ತಿಲ್ಲ, ಕೇಳಿದ ಪ್ರಶ್ನೆ ಬೇರೆ ಬೇರೆ. ಬಾರ್ಬೆಲ್ ಹೆಗಲಿಗೇರಿಸಿ 40 ಕೆ.ಜಿ. ಸ್ಕ್ವಾಟ್ ಮಾಡುತ್ತೇನೆ. ಹೊಸಬರಿಗೆ ಮೊದಲ ತಿಂಗಳುಗಳಲ್ಲಿ ಕೊಬ್ಬು ಇಳಿಯುವುದು, ಸ್ನಾಯು ಏರುವುದು ಒಟ್ಟಿಗೆ ನಡೆಯುತ್ತದಂತೆ, ಮುಂದೆ ಕಷ್ಟ. ಡಾಕ್ಟರು ಕೊಬ್ಬಿನ ಅಂಶ ಕೇಳಲೇ ಇಲ್ಲ, ಪ್ಯಾಂಟಿನ ಬೆಲ್ಟು ಎಷ್ಟನೇ ತೂತಿಗೆ ಬಂತು ಅಂತ ಕೇಳಿದರು.

ಸಂಜೆ ಜಿಮ್ಮಿನ ಹುಡುಗ ಗೋಡೆಗೆ ಹಾಕಲು ನನ್ನ ಫೋಟೊ ಬೇಕೆಂದ. ಕೆಳಗೆ ‘ಕೊಬ್ಬು 26.8ರಿಂದ 21.9ಕ್ಕೆ’ ಅಂತ ಬರೆಸುತ್ತಾನಂತೆ. ‘ಮೊದಲನೇದು ಯಂತ್ರದ್ದು, ಎರಡನೇದು ಟೇಪಿಂದು. ಎರಡು ತಕ್ಕಡೀಲಿ ತೂಗಿ ಕಳೆಯೋ ಹಾಗಿಲ್ಲ ಮರಿ. ಹೊಟ್ಟೆ 94ರಿಂದ 89 ಅಂತ ಹಾಕು’ ಅಂದೆ.

‘ಐದು ಸೆಂಟಿಮೀಟರ್ ನೋಡಿ ಯಾರು ಸಾರ್ ಫೀಸ್ ಕಟ್ತಾರೆ?’ ಅಂದ.