ಉಮ್ಮನ ನಲ್ವತ್ತೆರಡು ಮೆಟ್ಟಿಲು

ಕಾಸರಗೋಡಿನಿಂದ ಮಂಗಳೂರಿಗೆ ರೈಲಿನಲ್ಲಿ ಹೋಗುವಾಗ ಕುಂಬಳೆ, ಉಪ್ಪಳ, ಮಂಜೇಶ್ವರ, ಉಳ್ಳಾಲ ಸ್ಟೇಷನ್‌ಗಳು ಸಿಗುತ್ತವೆ. ಅವುಗಳಲ್ಲಿ ಒಂದು ನಮ್ಮದು. ಯಾವುದೆಂದು ಬರೆಯುವುದಿಲ್ಲ. ಸಣ್ಣ ಸ್ಟೇಷನ್‌ಗಳ ಕಷ್ಟ ಹೆಚ್ಚುಕಡಿಮೆ ಒಂದೇ.

ಈ ಹಳಿ ಮಂಗಳೂರು ಮುಟ್ಟಿದ್ದು 1907ರಲ್ಲಿ. ನಮ್ಮ ಮನೆ ನಡೆದದ್ದೂ ಇದರ ಮೇಲೆಯೇ. ಉಪ್ಪ ಬೆಳಗ್ಗಿನ ಲೋಕಲ್‌ನಲ್ಲಿ ಬಂದರಿಗೆ ಹೋಗಿ ಅಂಗಡಿಗೆ ಬೆಲ್ಲ, ಬೇಳೆ, ಒಣಮೆಣಸು ತರುತ್ತಿದ್ದರು. ನಾನು ಮೂರು ವರ್ಷ ಸೀಸನ್ ಟಿಕೆಟ್‌ನಲ್ಲಿ ಓಡಾಡಿ ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿದೆ. ಆಸ್ಪತ್ರೆಗಂತೂ ನಮಗೆ ಮಂಗಳೂರೇ ಗತಿ. 2020ರ ಲಾಕ್‌ಡೌನಿನಲ್ಲಿ ರೈಲು ನಿಂತು, ತಲಪಾಡಿ ಗಡಿಯೂ ಮುಚ್ಚಿದಾಗ ಅದು ಎಲ್ಲರಿಗೂ ಅರ್ಥವಾಯಿತು. ರೋಗಿಗಳಿದ್ದ ಆಂಬ್ಯುಲೆನ್ಸ್‌ಗಳೂ ಅಲ್ಲಿಂದ ಹಿಂದೆ ತಿರುಗಬೇಕಾಯಿತು.

ಕಳೆದ ಮಳೆಗಾಲದಲ್ಲಿ ಉಮ್ಮನ ಒಂದು ಕಣ್ಣಿನ ಪೊರೆ ತೆಗೆಸಿದೆವು. ವಾರದ ನಂತರ ಡಾಕ್ಟರಿಗೆ ತೋರಿಸಿ ಸಂಜೆಯ ರೈಲಿನಲ್ಲಿ ಮರಳಿದೆವು. ರೈಲು ನಿಂತದ್ದು ಆಚೆ ಪ್ಲಾಟ್‌ಫಾರಂನಲ್ಲಿ. ಈಚೆ ಬರಲು ಇರುವುದು ಮೇಲ್ಸೇತುವೆ ಮಾತ್ರ. ಲಿಫ್ಟ್ ಇಲ್ಲ, ಇಳಿಜಾರು ದಾರಿಯೂ ಇಲ್ಲ. ಉಮ್ಮನಿಗೆ ಮಂಡಿನೋವು. ಮೆಟ್ಟಿಲುಗಳನ್ನೊಮ್ಮೆ ನೋಡಿ, "ಮೋನೇ, ಎಲ್ಲರೂ ಕೆಳಗಿಂದಲೇ ದಾಟುತ್ತಾರಲ್ಲ" ಎಂದರು.

ನಾನು ಒಪ್ಪಿದೆ. ಆ ತಪ್ಪು ನನ್ನದೇ.

ಪ್ಲಾಟ್‌ಫಾರಂ ಮುಗಿಯುವಲ್ಲಿ ಇಳಿದು ಮೊದಲ ಹಳಿ ದಾಟಿದ್ದೆವು. ಡೀಸೆಲ್ ಎಂಜಿನ್ ಇದ್ದ ಕಾಲದಲ್ಲಿ ದೂರದಿಂದಲೇ ಸದ್ದು ಬರುತ್ತಿತ್ತು. ಈಗಿನ ಕರೆಂಟ್ ಎಂಜಿನ್ ಹತ್ತಿರ ಬಂದ ಮೇಲೆಯೇ ತಿಳಿಯುವುದು. ಹಾರ್ನ್ ಕೇಳಿ ಉಮ್ಮನ ಕೈ ಹಿಡಿದು ಹಿಂದಕ್ಕೆ ಎಳೆದೆ. ಇಲ್ಲಿ ನಿಲ್ಲದ ಎಕ್ಸ್‌ಪ್ರೆಸ್ ಎದುರಿನಲ್ಲೇ ಹಾದುಹೋಯಿತು. ಕಪ್ಪು ಕನ್ನಡಕ ಜಲ್ಲಿಯ ಮೇಲೆ ಬಿದ್ದಿತ್ತು. ಉಮ್ಮ ಏನೂ ಹೇಳಲಿಲ್ಲ. ಹಿಂದಿರುಗಿ, ಒಂದೊಂದೇ ಮೆಟ್ಟಿಲು ಹತ್ತಿ, ನಡುವೆ ಎರಡು ಸಲ ಕುಳಿತು ಈಚೆ ಬಂದೆವು. ಹತ್ತಲು ನಲ್ವತ್ತೆರಡು, ಇಳಿಯಲು ನಲ್ವತ್ತೆರಡು.

ಹಳಿ ದಾಟುವುದು 1989ರ ರೈಲ್ವೆ ಕಾಯ್ದೆಯ 147ನೇ ಸೆಕ್ಷನ್ ಪ್ರಕಾರ ಅಪರಾಧ. ಹಾಗೆಂದು ಬೋರ್ಡ್ ಹಾಕಿದರೆ ಮಂಡಿನೋವು ವಾಸಿಯಾಗುತ್ತದೆಯೇ?

ಮನೆಗೆ ಬಂದು ಲೆಕ್ಕ ಹಾಕಿದೆ. ಕೆಳಗೆ 25 ಕಿಲೋವೋಲ್ಟ್ ತಂತಿ ಇರುವುದರಿಂದ ಸೇತುವೆಯನ್ನು ತಗ್ಗಿಸುವಂತಿಲ್ಲ. ಒಂದು ಮೆಟ್ಟಿಲು 15 ಸೆಂಟಿಮೀಟರ್ ಎಂದರೆ ಒಟ್ಟು ಎತ್ತರ 6.3 ಮೀಟರ್. ಗಾಲಿಕುರ್ಚಿಗೆ ಸಾಮಾನ್ಯವಾಗಿ ಹೇಳುವ ಇಳಿಜಾರು 12ಕ್ಕೆ 1. ಆಗ ಒಂದು ಬದಿಗೆ ಸುಮಾರು 76 ಮೀಟರ್ ದಾರಿ ಬೇಕು, ನಡುನಡುವೆ ನಿಂತು ದಣಿವಾರಿಸಲು ಇನ್ನಷ್ಟು. ನಮ್ಮ ಪ್ಲಾಟ್‌ಫಾರಂ ಅದಕ್ಕಿಂತ ಎಷ್ಟೋ ಉದ್ದವಿದೆ. ಲಿಫ್ಟ್ ಬಂದರೂ ಒಳ್ಳೆಯದೇ. ಆದರೆ ಲಿಫ್ಟ್ ಕೆಡುತ್ತದೆ, ಕರೆಂಟ್ ಹೋದರೆ ನಿಲ್ಲುತ್ತದೆ; ಇಳಿಜಾರಿಗೆ ಆ ತೊಂದರೆ ಇಲ್ಲ. ಬಸುರಿಯರಿಗೆ, ಗಲ್ಫಿನಿಂದ ಪೆಟ್ಟಿಗೆ ಹೊತ್ತು ಬರುವವರಿಗೆ, ಉಪ್ಪನಂತೆ ಮೂಟೆ ತರುವವರಿಗೂ ಅದು ಆಗುತ್ತದೆ.

ಈಗ ಉಮ್ಮನ ಇನ್ನೊಂದು ಕಣ್ಣಿನ ಆಪರೇಷನ್ ಆಗಬೇಕು. "ಒಂದು ಕಣ್ಣು ಸಾಕು" ಎನ್ನುತ್ತಿದ್ದಾರೆ. ಆ ಸಂಜೆಯ ಮಾತು ಮಾತ್ರ ಎತ್ತುವುದಿಲ್ಲ.

ನಿಮ್ಮ ಸ್ಟೇಷನ್‌ನಲ್ಲೂ ಹೀಗೆಯೇ ಇದ್ದರೆ ಮೆಟ್ಟಿಲು ಎಣಿಸಿ, ಒಂದು ಮೆಟ್ಟಿಲಿನ ಎತ್ತರ ಅಳೆದು ತಿಳಿಸಿ. ಜಮಾಅತಿನವರು, ಅಂಗಡಿಯವರು, ಪಂಚಾಯತ್ ಸದಸ್ಯರು ಎಲ್ಲರೂ ಸೇರಿ ಒಂದೇ ಅರ್ಜಿ ಕೊಡೋಣ. ಲೆಕ್ಕ, ನಕ್ಷೆ ನಾನು ಮಾಡಿಕೊಡುತ್ತೇನೆ.